ಇಳಿದು ನೋಡು

ಎರಡನೇ ಸಲವೂ ನಾನು ಫೇಲಾದ ದಿನ
ಓರಿನ್ ಹಾಲ್ವರ್ಸನ್ ಸಮಾಧಾನದ ಮಾತಾಡಲಿಲ್ಲ.
ಸೂರ್ಯಕಾಂತಿ ಬೀಜದ ಪೊಟ್ಟಣ ಚಾಚಿದ,
ಆಲೂಗಡ್ಡೆ ಯಂತ್ರ ಎರಡು ಬೆರಳು ತಿಂದ ಕೈಯಿಂದ.
ಇಬ್ಬರೂ ಸಿಪ್ಪೆ ಉಗಿಯುತ್ತ ನಿಂತೆವು.
ಗ್ರಾಫ್ಟನ್ ಊರಾಚೆಯ ಬಯಲು. ಗಾಳಿ.
ನಾನು ಮಲಗಿಸಿದ ಕೋನು ಇನ್ನೂ ಮಲಗಿಯೇ ಇತ್ತು.

ಮೊದಲ ಸಲ ರಸ್ತೆಯವರೆಗೂ ಹೋಗಿರಲಿಲ್ಲ.
ದೀಪ, ಟೈರು, ಸರಪಳಿ, ಕೊಕ್ಕೆ
ಒಂದೊಂದನ್ನೂ ಮುಟ್ಟಿ ಮುಟ್ಟಿ ಹೆಸರು ಒಪ್ಪಿಸಿದೆ;
ಬ್ರೇಕಿನ ಗಾಳಿ ಸೋರುತ್ತಿದೆಯೇ ಎಂದು
ಒಂದು ನಿಮಿಷ ಕಾಯಬೇಕಿತ್ತು, ಕಾಯಲಿಲ್ಲ.
ಪರೀಕ್ಷಕಿ ಪೆನ್ನಿಗೆ ಮುಚ್ಚಳ ಹಾಕಿದಳು. ಅಷ್ಟೆ.
ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ,
ಮುನ್ನೂರು ಮಕ್ಕಳ ಸೂಪು ತಳ ಹಿಡಿಯದಂತೆ ಕಾದವಳು
ಒಂದು ನಿಮಿಷ ಕಾಯಲಾರದೆ ಹೋದೆ.

ಆಮೇಲೆ ಈ ಹಿಂದಕ್ಕೆ ಹೋಗುವ ವಿದ್ಯೆ.
ಟ್ರೇಲರ್ ಎಡಕ್ಕೆ ಬೇಕೆಂದರೆ ಸ್ಟಿಯರಿಂಗು ಬಲಕ್ಕೆ.
ಬಲಕ್ಕೆ ಬೇಕೆಂದರೆ?
ಸೌಟು ತಿರುಗಿಸಿದತ್ತಲೇ ಸಾರು ತಿರುಗುತ್ತದೆಂದು
ನಂಬಿದ ಕೈಗೆ ಇದನ್ನು ಹೇಗೆ ಹೇಳಲಿ!
ಎತ್ತು ಏರಿಗೆ, ಕೋಣ ನೀರಿಗೆ;
ಜಗಳವಾಡಿ ಬೆನ್ನು ತಿರುಗಿಸಿ ಮಲಗಿದವರಂತೆ
ಮುಂದಿನದೊಂದು ದಿಕ್ಕು, ಹಿಂದಿನದೊಂದು.
ನನ್ನ ವರಸೆಗೆ ಓರಿನ್ನನದು ಎರಡೇ ಪದ:
“ಇಳಿದು ನೋಡು.”

ಮನೆಯಲ್ಲಿ ರಾತ್ರಿ
ಊಟದ ತಟ್ಟೆಯೇ ಸ್ಟಿಯರಿಂಗು, ಬೆಣ್ಣೆಯ ಡಬ್ಬಿ ಟ್ರೇಲರು.
ಕಿಟಕಿಯಾಚೆ ಬೀಟ್‌ಗೆಡ್ಡೆ ತುಂಬಿದ ಲಾರಿಗಳು,
ಒಂದರ ಬೆನ್ನಿಗೊಂದು, ಬೆಳಗಿನ ಜಾವದವರೆಗೆ.
ಓಡಿಸುವವರು ನಾನು ಬಡಿಸಿದ ಅನ್ನ ತಿಂದು ಬೆಳೆದ ಹುಡುಗರು.
ಒಬ್ಬ ಹಾರ್ನ್ ಹೊಡೆದು ಹೋದ. ಪ್ರೀತಿಯಿಂದಲೇ ಇರಬೇಕು.
ದೀಪ ಆರಿಸಿಬಿಟ್ಟೆ.

ಗಾಳಿ ಬ್ರೇಕಿನ ಗುಟ್ಟು ಆಗಲೇ ಅರ್ಥವಾದದ್ದು.
ಗಾಳಿ ಬ್ರೇಕನ್ನು ಬಿಗಿಯುತ್ತದೆಂದುಕೊಂಡಿದ್ದೆ.
ಇಲ್ಲ, ಹಿಡಿದು ನಿಲ್ಲಿಸುವುದು ಸ್ಪ್ರಿಂಗು,
ಗಾಳಿ ಅದನ್ನು ಬಿಡಿಸುತ್ತದೆ.
ಉಸಿರು ಹೋದ ಲಾರಿ ಇಳಿಜಾರಿನಲ್ಲಿ ಉರುಳಿಹೋಗುವುದಿಲ್ಲ,
ಹಲ್ಲು ಕಚ್ಚಿ ನಿಂತಲ್ಲೇ ನಿಲ್ಲುತ್ತದೆ.
ತಳ್ಳಿದರೆ ಕದಲದು, ಬೈದರೂ ಅಷ್ಟೆ.
ಎಂಜಿನ್ ಹಚ್ಚಿ ಸುಮ್ಮನೆ ಕೂತಿರಬೇಕು
ಮುಳ್ಳು ನೂರಿಪ್ಪತ್ತಕ್ಕೆ ಏರುವ ತನಕ.
ನಾಲ್ಕು ದಿನ ಹಾಗೆಯೇ ಕೂತೆ.

ಐದನೆಯ ದಿನ ಅಬ್ದಿರಿಜಾಕ್ ಫೋನು ಮಾಡಿದ,
ನೆಬ್ರಾಸ್ಕಾದ ಯಾವುದೋ ಡೀಸೆಲ್ ಬಂಕಿನಿಂದ.
ನನ್ನ ಜೊತೆ ಕಲಿತವನು, ಮಗನ ವಯಸ್ಸು,
ಮೊದಲ ಸಲಕ್ಕೇ ಪಾಸಾದದ್ದಕ್ಕೆ ಈಗಲೂ ನಾಚುತ್ತಾನೆ.
“ಅಮ್ಮಾ, ಸ್ಟಿಯರಿಂಗನ್ನು ಮೇಲೆ ಹಿಡಿಯಬೇಡಿ.
ಕೆಳಗೆ ಹಿಡಿಯಿರಿ, ಹೊಟ್ಟೆಯ ಹತ್ತಿರ.
ಕೈ ಹೋದತ್ತ ಟ್ರೇಲರ್ ಹೋಗುತ್ತದೆ.”
ತಟ್ಟೆ ಹಿಡಿದು ನೋಡಿದೆ. ಹೌದಲ್ಲ!
ಎರಡು ತಿಂಗಳು ತಲೆಕೆಳಗಾಗಿದ್ದ ಲೋಕ
ಕೈಯ ಜಾಗ ಬದಲಿಸಿದ್ದಕ್ಕೇ ಕಾಲ ಮೇಲೆ ನಿಂತಿತು.

ಮೂರನೆಯ ಸಲ ಅರ್ಧದಲ್ಲೇ ನಿಲ್ಲಿಸಿದೆ.
ಕನ್ನಡಿಯಲ್ಲಿ ಕೋನು ಚಕ್ರದ ಬಾಯಲ್ಲೇ ಇತ್ತು.
ಇಳಿದು ನೋಡಿದರೆ
ನಡುವೆ ಒಂದು ಮಗು ನುಸುಳುವಷ್ಟು ಜಾಗ.
ಹತ್ತಿದೆ. ಹೊಟ್ಟೆಯ ಹತ್ತಿರ ಕೈ.
ಬಾಣಲಿಗೆ ದೋಸೆಹಿಟ್ಟು ಬಿಟ್ಟಂತೆ ಮೆಲ್ಲಗೆ ಬಿಟ್ಟೆ.

ಹಿಂದಕ್ಕೆ ಹೋಗುವುದರಲ್ಲಿ ಪಾಸಾದೆ ಅಂದು.
ಮುಂದಕ್ಕೆ ಹೋಗುವಾಗ, ಅಂಚೆ ಕಚೇರಿಯ ತಿರುವಿನಲ್ಲಿ,
ಕಡೆಯ ಚಕ್ರ ಫುಟ್‌ಪಾತು ಹತ್ತಿ ಇಳಿಯಿತು.
ಪೆನ್ನಿನ ಮುಚ್ಚಳದ ಸದ್ದು ನನಗೀಗ ಪರಿಚಿತ.

ಸಂಜೆ ಓರಿನ್ನನ ಜೊತೆ ಆ ತಿರುವಿಗೆ ನಡೆದುಹೋದೆ.
ಕಲ್ಲಿನ ಅಂಚಿಗೆ ಅಂಗೈಯಗಲದ ಕರಿಗೀಟು,
ಪಕ್ಕದಲ್ಲಿ ಹಳೆಯವು ಬೇರೆ, ಎಷ್ಟೋ.
ಅವನು ಬೂಟಿನ ತುದಿಯಿಂದ ಒಂದನ್ನು ತೋರಿಸಿದ:
“ಇದು ನನ್ನದು ಅನ್ನಿಸುತ್ತೆ.”
ಬೀಜದ ಪೊಟ್ಟಣ ಈ ಸಲ ನಾನು ತಂದಿದ್ದೆ.